ವಿನೋದವನದ ಸಂಚಾರವೂ ಪಾದರಕ್ಷೆಯೂ

ದೂರದೇಶಕ್ಕೆ ಹೊರಡುವವರು ಉಡುಗೆತೊಡುಗೆಗಳನ್ನೂ ಉಪ್ಪಿನಕಾಯಿಯ ಭರಣಿಯನ್ನೂ ಕುರಿತು ತಿಂಗಳುಗಟ್ಟಲೆ ಆಲೋಚಿಸುವರು. ಕಾಲಿಗೆ ಮೆಟ್ಟುವುದನ್ನು ಮಾತ್ರ ಹೊರಡುವ ಹಿಂದಿನ ಸಂಜೆ ನೆನೆಯುವರು. ಅಮೆರಿಕದ ಫ್ಲಾರಿಡಾ ಸಂಸ್ಥಾನದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ವಿನೋದವನಗಳನ್ನು ಮಕ್ಕಳು ಮೊಮ್ಮಕ್ಕಳೊಡನೆ ನೋಡಹೋಗುವ ಕನ್ನಡಿಗರು ಈಗ ಕಡಮೆಯಿಲ್ಲ. ಅಂಥವರಿಗಾಗಿ, ನಾವು ಅಲ್ಲಿ ಕಂಡುದನ್ನೂ ವಿಚಾರಿಸಿ ತಿಳಿದುದನ್ನೂ ಇಲ್ಲಿ ಬರೆಯುತ್ತೇವೆ.

1971ನೆಯ ಇಸವಿ ಅಕ್ಟೋಬರಿನಲ್ಲಿ ತೆರೆದ ಆ ಸ್ಥಳದಲ್ಲಿ ಈಗ ನಾಲ್ಕು ದೊಡ್ಡ ವನಗಳಿವೆ. 1982ರಲ್ಲಿ ತೆರೆದ ಎಪ್ಕಾಟ್ ಎಂಬುದರಲ್ಲಿ ಒಂದು ಕೊಳವೂ ಅದರ ಸುತ್ತ ಹನ್ನೊಂದು ದೇಶಗಳ ಮಾದರಿಯ ಕಟ್ಟಡಗಳೂ ಉಂಟು. ಆ ಕೊಳಕ್ಕೆ ಒಂದು ಪ್ರದಕ್ಷಿಣೆ ಬಂದರೇ ಸುಮಾರು 2 ಕಿಲೋಮೀಟರು. ಬೆಳಗಿನಿಂದ ರಾತ್ರಿಯ ಬಾಣಬಿರುಸಿನವರೆಗೆ ಇದ್ದವರು 10 ಕಿಲೋಮೀಟರಿಗೂ ಮೇಲೆ ನಡೆದಿರುವುದು ಅಪರೂಪವಲ್ಲ. ನೆಲವೆಲ್ಲ ಕಾಂಕ್ರೀಟು, ಡಾಂಬರು; ನಮ್ಮ ಹೊಲದ ಬದುವಿನಂತೆ ಮೆತ್ತಗಿರತಕ್ಕದ್ದಲ್ಲ. ಅದಕ್ಕೂ ಹೆಚ್ಚಾಗಿ, ಒಂದೊಂದು ಆಟಕ್ಕೂ ಸಾಲಿನಲ್ಲಿ ನಿಲ್ಲಬೇಕು. ನಮ್ಮ ಅನುಭವದಲ್ಲಿ ಕಾಲನ್ನು ನಡಿಗೆಗಿಂತ ನಿಲುಗಡೆಯೇ ಹೆಚ್ಚು ಸೋಲಿಸುತ್ತದೆ.

ಈ ಬಗೆಯ ವನಗಳಿಗೂ ಪಾದರಕ್ಷೆಗೂ ನಂಟು ಹಳೆಯದು. ಕ್ಯಾಲಿಫೋರ್ನಿಯಾದಲ್ಲಿ ಮೊದಲ ಡಿಸ್ನಿಲ್ಯಾಂಡು 1955ನೆಯ ಜುಲೈ 17ರಂದು ತೆರೆದಾಗ ಹೊಸದಾಗಿ ಹಾಸಿದ್ದ ಡಾಂಬರು ಬಿಸಿಲಿಗೆ ಇಳಕಲಾಗಿ, ಬಂದಿದ್ದ ಮಹಿಳೆಯರ ಎತ್ತರದ ಹಿಮ್ಮಡಿಯ ಜೋಡುಗಳು ಅದರಲ್ಲಿ ಹೂತುಕೊಂಡವಂತೆ! ಡಾಂಬರು ಈಗ ಗಟ್ಟಿಯಾಗಿದೆ. ಅಂಥ ಜೋಡುಗಳು ಮಾತ್ರ ಈಗಲೂ ಅಲ್ಲಿ ಕಾಣಬರುತ್ತವೆ.

ನಮ್ಮೊಡನೆ ಬಂದವರಲ್ಲಿ ನಮ್ಮ ಅಕ್ಕನವರೂ ಒಬ್ಬರು. ವಯಸ್ಸು ಅರವತ್ತನ್ನು ದಾಟಿದೆ. ಮಧುಮೇಹವು ಬಹುಕಾಲದಿಂದ ಉಂಟು. ಕಾಲ್ಬೆರಳುಗಳಲ್ಲಿ ಸ್ಪರ್ಶಜ್ಞಾನವು ಮಂದವಾಗಿದೆ. ಅವರ ವಿಷಯದಲ್ಲಿ ಇದು ಬರಿಯ ಸುಖದ ಪ್ರಶ್ನೆಯಾಗಿರಲಿಲ್ಲ. ಚಪ್ಪಲಿ ಕಚ್ಚಿದರೆ ನಮಗೆ ಉರಿಯುತ್ತದೆ, ನಾವು ಎಚ್ಚರಗೊಳ್ಳುತ್ತೇವೆ. ಅವರಿಗೆ ಉರಿಯೇ ತಿಳಿಯದು. ತಿಳಿಯದೆ ಆದ ಗುಳ್ಳೆ ಒಡೆದು ಹುಣ್ಣಾಗಿ, ರಕ್ತಸಂಚಾರವೂ ಕುಂದಿದ್ದರೆ ಮಾಯದೆ, ಕೊನೆಗೆ ಬೆರಳನ್ನೇ ತೆಗೆಯಬೇಕಾಗಿ ಬರುವುದುಂಟು. ಆದಕಾರಣ ಅಂಥವರು ಹೊರಡುವ ಮುನ್ನ ವೈದ್ಯರಿಗೆ ಪಾದಗಳನ್ನು ತೋರಿಸತಕ್ಕದ್ದು ಅವಶ್ಯ. ವೈದ್ಯರು ಮುಚ್ಚಿದ ಬೂಟ್ಸೇ ಆಗಬೇಕೆಂದರು.

"ಸೀರೆಗೆ ಬೂಟ್ಸೇ? ನೋಡಿದವರು ನಕ್ಕಾರು ಕಣಪ್ಪಾ" ಎಂದು ಅಕ್ಕ ಮುಖ ತಿರುಗಿಸಿದರು.

"ನಗುವವರು ನಿನಗೆ ಕಾಲು ಕೊಡುವರೇನಕ್ಕಾ?" ಎಂದೆವು.

ಉತ್ತರ ಬರಲಿಲ್ಲ. ಆದರೆ ಸಂಜೆ ಅಂಗಡಿಗೆ ಬಂದರು.

ಸಂಜೆಯೇ ಹೋದುದಕ್ಕೆ ಕಾರಣವಿದೆ. ದಿನವೆಲ್ಲ ಓಡಾಡಿದ ಪಾದವು ಸಾಯಂಕಾಲಕ್ಕೆ ಕೊಂಚ ಊದಿರುತ್ತದೆ. ಬೆಳಗ್ಗೆ ಸರಿಯಾದ ಅಳತೆ ಆಗ ಬಿಗಿಯಾಗುತ್ತದೆ. ಎರಡು ಪಾದಗಳೂ ಸಮನಾಗಿರುವುದು ಅಪರೂಪವಾದುದರಿಂದ ಎರಡನ್ನೂ ನಿಂತುಕೊಂಡೇ ಅಳೆಯಿಸಿ, ದೊಡ್ಡದಕ್ಕೆ ಹೊಂದುವುದನ್ನು ಕೊಳ್ಳಬೇಕು. ಅಮೆರಿಕದ ಅಂಗಡಿಗಳಲ್ಲಿ ಇದಕ್ಕೊಂದು ಲೋಹದ ಹಲಗೆಯುಂಟು; ಸಿರಾಕ್ಯೂಸ್ ಪಟ್ಟಣದ ಚಾರ್ಲ್ಸ್ ಬ್ರಾನಾಕ್ ಎಂಬವರು 1920ರ ದಶಕದಲ್ಲಿ ಕಲ್ಪಿಸಿದುದು. ಅದು ಉದ್ದವನ್ನಲ್ಲದೆ ಅಗಲವನ್ನೂ ತೋರಿಸುತ್ತದೆ. ನಮ್ಮವರಿಗೆ ಈ ಅಗಲವೇ ಮುಖ್ಯ. ಬರಿಗಾಲಿನಲ್ಲಿಯೂ ಚಪ್ಪಲಿಯಲ್ಲಿಯೂ ಬೆಳೆದ ಪಾದವು ಬೆರಳುಗಳ ಬಳಿ ಹರಡಿಕೊಂಡಿರುತ್ತದೆ. ಅದನ್ನು ಇಕ್ಕಟ್ಟಾದ ಮೂತಿಯೊಳಗೆ ತುರುಕಿದರೆ ಕಿರುಬೆರಳಿಗೆ ದಂಡನೆ. ಅಲ್ಲಿ ಹೆಂಗಸರಿಗೆ ಬಿ ಎಂಬುದು ಸಾಧಾರಣ ಅಗಲ, ಡಿ ಎಂಬುದು ಹೆಚ್ಚಿನದು. ಅಕ್ಕನವರಿಗೆ ಡಿಯೇ ಒಪ್ಪಿತು. ಅತ್ಯಂತ ಉದ್ದವಾದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಗಲ ಎಡೆಯಿದೆಯೆ, ಹಿಮ್ಮಡಿ ಜಾರದೆ ಕುಳಿತಿದೆಯೆ, ಒಳಗೆ ಹೊಲಿಗೆಯ ಗಂಟು ತಾಗುವುದೆ ಎಂದು ಕೈಹಾಕಿ ನೋಡಿದೆವು. "ಹಾಕುತ್ತ ಹಾಕುತ್ತ ಸಡಿಲವಾಗುತ್ತದೆ" ಎಂಬ ಮಾರುವವನ ಮಾತನ್ನು ಯಾವ ದೇಶದಲ್ಲಿಯೂ ನಂಬತಕ್ಕದ್ದಲ್ಲ.

ಬಗ್ಗಿ ಲಾಡಿ ಕಟ್ಟಲಾರದ ವೃದ್ಧರಿಗೆ ಅಂಟುಪಟ್ಟಿಯ ಬೂಟ್ಸು ಅನುಕೂಲ. ಕಾಲು ಊದಿದಾಗ ಪಟ್ಟಿಯನ್ನು ಸಡಿಲಿಸಬಹುದು. ಚರ್ಮವನ್ನು ಮೆಟ್ಟದವರಿಗೆ ಬಟ್ಟೆಯವೂ ಇವೆ. ಹೊಸ ಬೂಟ್ಸನ್ನು ಮಾತ್ರ ಪ್ರವಾಸದ ದಿನವೇ ಮೊದಲು ತೊಡಬಾರದು. ಅಕ್ಕನವರು ಮೂರು ವಾರ ಮುಂಚಿತವಾಗಿ, ಮೊದಲು ಅರ್ಧ ಗಂಟೆ, ಆಮೇಲೆ ಒಂದು ಗಂಟೆ, ಹೀಗೆ ಮಗನ ಮನೆಯ ಬೀದಿಯಲ್ಲಿಯೇ ಅಭ್ಯಾಸ ಮಾಡಿದರು.

ಗುಳ್ಳೆಗೆ ಕಾರಣ ಬರಿಯ ಉಜ್ಜಾಟವಲ್ಲ, ತೇವವೂ ಹೌದು. ಹತ್ತಿಯ ಕಾಲುಚೀಲವು ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ತೆಳು ಉಣ್ಣೆಯದು ಅಥವಾ ಕೃತಕ ನೂಲಿನದು ಲೇಸು. ಫ್ಲಾರಿಡಾದಲ್ಲಿ ಬೇಸಗೆಯ ಮಧ್ಯಾಹ್ನಗಳಲ್ಲಿ ಗುಡುಗುಮಳೆ ಸಾಮಾನ್ಯ. ನೀರಿನ ಆಟಗಳಂತೂ ಕಾಲನ್ನು ತೋಯಿಸದೆ ಬಿಡವು. ಆದ್ದರಿಂದ ಚೀಲದಲ್ಲಿ ಇನ್ನೊಂದು ಜೊತೆ ಕಾಲುಚೀಲವೂ ಬಿಡಾರದಲ್ಲಿ ಇನ್ನೊಂದು ಜೊತೆ ಬೂಟ್ಸೂ ಇರಲಿ. ಬಾಡಿಗೆಗೆ ಗಾಲಿಕುರ್ಚಿಗಳು ಅಲ್ಲಿ ದೊರೆಯುತ್ತವೆ. ಅದರಲ್ಲಿ ಕೂರುವುದು ಅವಮಾನವೆಂದು ಭಾವಿಸಿ ಕಾಲನ್ನು ಕೆಡಿಸಿಕೊಳ್ಳುವುದು ಜಾಣತನವಲ್ಲ.

ಪ್ರತಿರಾತ್ರಿಯೂ ಸೊಸೆಯು ಅಕ್ಕನ ಅಂಗಾಲುಗಳನ್ನೂ ಬೆರಳ ಸಂದುಗಳನ್ನೂ ದೀಪದ ಬೆಳಕಿನಲ್ಲಿ ನೋಡುತ್ತಿದ್ದಳು. ಅತ್ತೆಗೆ ಮೊದಲ ದಿನ ಬಹಳ ಸಂಕೋಚ. ಎರಡನೆಯ ರಾತ್ರಿ ಎಡಗಾಲಿನ ಕಿರುಬೆರಳ ಪಕ್ಕದಲ್ಲಿ ಕೆಂಪು ಗುರುತೊಂದು ಕಂಡಿತು. ಅಕ್ಕನವರಿಗೆ ಅದರ ಅರಿವೇ ಇರಲಿಲ್ಲ. ಮರುದಿನ ಅವರನ್ನು ನಡೆಯಗೊಡದೆ ಬಿಡಾರದಲ್ಲಿ ಉಳಿಸಿ, ಆಮೇಲೆ ಎರಡನೆಯ ಜೊತೆಯನ್ನು ತೊಡಿಸಿದೆವು. ಗುರುತು ಮಾಯವಾಯಿತು. ಕೊಳದ ಪ್ರದಕ್ಷಿಣೆಯನ್ನು ಅವರು ನಾಲ್ಕು ಕಡೆ ಕುಳಿತು ಪೂರೈಸಿದರು. ಕಡೆಯ ದಿನ ಮಳೆಯಲ್ಲಿ ನೆನೆದ ಬೂಟ್ಸಿನೊಳಗೆ ಹಳೆಯ ವೃತ್ತಪತ್ರಿಕೆಯನ್ನು ಉಂಡೆಮಾಡಿ ತುಂಬಿ, ರಾತ್ರಿಯಲ್ಲಿ ಎರಡು ಸಲ ಕಾಗದ ಬದಲಿಸಿ ಒಣಗಿಸಿದವರೂ ಅವರೇ.