ಆಷಾಢದ ಗಾಳಿ, ಸೆನ್ಸರಿನ ಮೇಲಿನ ದೂಳು

ಬಚ್ಚಲುಮನೆಯ ನೆಲ ಒದ್ದೆ, ಗೋಡೆ ಒದ್ದೆ. ಹಾರುವ ದೂಳು ಹಾರದೆ ಕೂರಲಿ ಎಂದು ಚಿಕ್ಕಮ್ಮ ಎರಡು ಬಿಂದಿಗೆ ನೀರು ಎರಚಿ, ಬಾಗಿಲೆಳೆದುಕೊಂಡು ಹೋಗಿದ್ದಾರೆ. ಗವಾಕ್ಷಿಗೆ ಹಸಿ ಪಂಚೆ ಕಟ್ಟಿದೆ. ಆಚೆ ಬೀಸುವ ಗಾಳಿಗೆ ಅದು ಉಬ್ಬುತ್ತದೆ, ಮತ್ತೆ ಗೋಡೆಗೆ ಅಂಟುತ್ತದೆ. ನಾವಿಬ್ಬರೂ ಮಣೆ ಹಾಕಿಕೊಂಡು ಎದುರುಬದುರು ಕೂತಿದ್ದೇವೆ. ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ತೊಳೆದು ಒಣಗಿಸಿದ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಕ್ಯಾಮೆರಾ.

“ಬಾಗಿಲು ಸರಿಯಾಗಿ ಹಾಕೈತಾ ನೋಡಣ್ಣಾ,” ಅನ್ನುತ್ತಾನೆ ತಮ್ಮ. ಚಿಕ್ಕಮ್ಮನ ಮಗ. ಬೊಮ್ಮನಹಾಳ್, ರಾಯದುರ್ಗ, ಬಳ್ಳಾರಿ, ಎಲ್ಲಿ ಕರೆದರಲ್ಲಿಗೆ ಮದುವೆ ಫೋಟೋ ತೆಗೆಯಲು ಹೋಗುತ್ತಾನೆ. ಶ್ರಾವಣದ ಮೊದಲ ಶನಿವಾರಕ್ಕೆ ಇನ್ನೆರಡೇ ದಿನ. ಅವತ್ತು ನೇಮಕಲ್ಲಿನ ಆಂಜನೇಯನ ಗುಡಿಯ ಮುಂದೆ ಕಾಲಿಡಲು ಜಾಗ ಇರುವುದಿಲ್ಲ, ಆ ಜಾತ್ರೆಯ ಫೋಟೋ ಅವನು ತೆಗೆಯಬೇಕು. ಕಸಾಪುರ, ನೇಮಕಲ್ಲು, ಮುರಡಿ, ಈ ಮೂರೂ ಕಡೆಯ ಆಂಜನೇಯನನ್ನು ಒಂದೇ ದಿನ ನೋಡಿ ಬರಬೇಕೆಂಬ ನಂಬಿಕೆ ಈ ಸೀಮೆಯದು. ಮೂರನ್ನೂ ವ್ಯಾಸರಾಯರೇ ಪ್ರತಿಷ್ಠಾಪಿಸಿದರೆಂದು ಹೇಳುತ್ತಾರೆ. ಸೆನ್ಸರ್ ಸ್ವಚ್ಛ ಮಾಡಿಸಲು ಕ್ಯಾಮೆರಾವನ್ನು ಬಳ್ಳಾರಿಗೋ ಬೆಂಗಳೂರಿಗೋ ಕಳಿಸಿ ಕಾಯುವಷ್ಟು ಹೊತ್ತು ಈಗಿಲ್ಲ. ಇದ್ದರೂ ಅವನು ಕಳಿಸುತ್ತಿರಲಿಲ್ಲ ಅನ್ನಿಸುತ್ತದೆ. ಈ ಕೆಲಸ ಅವನಿಗೆ ಇಷ್ಟ.

ಬೆಳಿಗ್ಗೆ ಮಾಳಿಗೆ ಹತ್ತಿ ತೆಗೆದ ಫೋಟೋ ಲ್ಯಾಪ್‌ಟಾಪಿನಲ್ಲಿ ತೆರೆದಿದೆ. ಅದರಲ್ಲಿ ಇರುವುದು ಬರೀ ಆಕಾಶ. ಅಪರ್ಚರ್ ಎಫ್ 22, ಫೋಕಸ್ ಬೇಕೆಂದೇ ತಪ್ಪಿಸಿದ್ದು. ತಿಳಿ ನೀಲಿಯ ತುಂಬ ಬೂದು ಚುಕ್ಕೆಗಳು. ಕೆಲವು ದುಂಡಗೆ, ಒಂದೆರಡು ಕೂದಲೆಳೆಯ ಹಾಗೆ ಬಾಗಿವೆ. ಎಫ್ 4ರಲ್ಲಿ ಇದೇ ಆಕಾಶ ತೆಗೆದರೆ ಒಂದೂ ಕಾಣಿಸದು. ದೂಳು ಕೂರುವುದು ಬೆಳಕು ಹಿಡಿಯುವ ಸಿಲಿಕಾನ್ ಮೇಲಲ್ಲ, ಅದರ ಮುಂದಿರುವ ಫಿಲ್ಟರ್ ಗಾಜಿನ ಮೇಲೆ. ಅಪರ್ಚರ್ ಅಗಲವಾಗಿದ್ದಾಗ ಬೆಳಕು ನಾನಾ ಕಡೆಯಿಂದ ಓರೆಯಾಗಿ ಬಂದು ಕಣದ ನೆರಳನ್ನು ಕದಡಿಬಿಡುತ್ತದೆ. ಕಿರಿದಾದಾಗ ಬೆಳಕು ನೆಟ್ಟಗೆ ಬರುತ್ತದೆ, ನೆರಳು ಗಟ್ಟಿಯಾಗಿ ಬೀಳುತ್ತದೆ. ಮದುವೆ ಮಂಟಪದೊಳಗೆ ಅಡಗಿದ್ದ ದೂಳು ಬಯಲಿನ ಬಿಸಿಲಿಗೆ ಬಂದಾಗ ಕಾಣಿಸಿಕೊಳ್ಳುವುದು ಹೀಗೆ.

ರೀಲಿನ ಕಾಲದಲ್ಲಿ ಈ ಕಾಟ ಇರಲಿಲ್ಲ. ಪ್ರತಿ ಫೋಟೋಕ್ಕೂ ಹೊಸ ಫಿಲ್ಮ್ ಮುಂದೆ ಬರುತ್ತಿತ್ತು, ಕೂತ ದೂಳು ಆ ಒಂದು ಚಿತ್ರದ ಜತೆಗೇ ಸುರುಳಿ ಸುತ್ತಿಕೊಂಡು ಹೋಗುತ್ತಿತ್ತು. ಈಗ ಇರುವುದು ಒಂದೇ ಗಾಜು. ಒಂದು ಕಣ ಕೂತರೆ ಇಡೀ ಮದುವೆಯ ಎಲ್ಲ ಚಿತ್ರಗಳಲ್ಲೂ ಅದೇ ಜಾಗದಲ್ಲಿ ಅದೇ ಚುಕ್ಕೆ.

ಈ ಊರಿನ ಗಾಳಿಯಲ್ಲಿ ಏನೇನಿದೆಯೆಂದು ಗೊತ್ತಿದ್ದವರಿಗೆ ಆ ಚುಕ್ಕೆಗಳು ಆಶ್ಚರ್ಯ ತರುವುದಿಲ್ಲ. ಸುತ್ತ ಕಲ್ಲು ಕ್ರಷರುಗಳು. ಗ್ರಾನೈಟ್ ಪುಡಿ ಬೆಳೆಯ ಎಲೆಯ ಮೇಲೂ ಕೂರುತ್ತದೆ, ಒಣಗಲು ಹಾಕಿದ ಬಟ್ಟೆಯ ಮೇಲೂ ಕೂರುತ್ತದೆ. ಅತ್ತ ಡಿ. ಹಿರೇಹಾಳ್ ಕಡೆ ಓಬಳಾಪುರದ ಅದಿರಿನ ಕೆಂಪು ಗುಡ್ಡಗಳು. ಇತ್ತ ಹಗರಿ ದಂಡೆಯ ದರ್ಗಾ ಹೊನ್ನೂರು, ಗೋವಿಂದವಾಡದ ಮರಳ ದಿಬ್ಬಗಳು. ಆಷಾಢದ ಗಾಳಿಗೆ ಆ ಮರಳು ಎದ್ದು ಹೊಲಗಳಿಗೇ ನುಗ್ಗುತ್ತದೆ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಬೀಳುವ ಜಿಲ್ಲೆ ಇದು. ದೂಳನ್ನು ನೆಲಕ್ಕೆ ಹಿಡಿದಿಡುವಷ್ಟು ನೀರು ಆಕಾಶದಿಂದ ಇಳಿಯುವುದಿಲ್ಲ. ಇಲ್ಲಿ ಬದುಕುವ ಜನ ಇದೇ ಗಾಳಿಯನ್ನು ಉಸಿರಾಡುತ್ತಾರೆ. ಗಾಜನ್ನು ಒರೆಸಬಹುದು, ಎದೆಗೂಡನ್ನು ಒರೆಸಲಾಗದು. ಈ ಮಾತು ಬರೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ತಮ್ಮ ಹಾಳೆಯ ಮೇಲೊಂದು ಚೌಕಟ್ಟು ಎಳೆದು ಚುಕ್ಕೆಗಳ ಜಾಗ ಗುರುತು ಹಾಕುತ್ತಾನೆ. ಆಮೇಲೆ ಹಾಳೆಯ ಬುಡದಲ್ಲಿ ಇನ್ನೊಂದು ಚೌಕಟ್ಟು ಬರೆದು, ಮೇಲಿನ ಚುಕ್ಕೆಗಳನ್ನು ಕೆಳಕ್ಕೂ ಕೆಳಗಿನವನ್ನು ಮೇಲಕ್ಕೂ ಹಾಕುತ್ತಾನೆ. ಲೆನ್ಸು ಚಿತ್ರವನ್ನು ತಲೆಕೆಳಗಾಗಿ ಬೀಳಿಸುವುದರಿಂದ, ಆಕಾಶದ ಮೇಲಂಚಿನ ಚುಕ್ಕೆ ಸೆನ್ಸರಿನ ಕೆಳಂಚಿನಲ್ಲಿರುತ್ತದೆ. ಎಡಬಲ ಮಾತ್ರ ಬದಲಾಗದು, ಯಾಕೆಂದರೆ ನಾವೀಗ ಕ್ಯಾಮೆರಾವನ್ನು ಎದುರಿನಿಂದ ನೋಡುತ್ತಿದ್ದೇವೆ.

ಕ್ಯಾಮೆರಾ ತನ್ನ ಪಾಲಿನ ಕೆಲಸ ಮೊದಲೇ ಮಾಡಿ ಮುಗಿಸಿದೆ. ಆನ್ ಮಾಡಿದಾಗ ಫಿಲ್ಟರ್ ಗಾಜು ಕಿವಿಗೆ ಕೇಳದಷ್ಟು ವೇಗದಲ್ಲಿ ನಡುಗಿ ಒಣ ದೂಳು ಕೊಡವುತ್ತದೆ. 2003ರಲ್ಲಿ ಒಲಿಂಪಸ್ ಇ-1 ಮೊದಲು ತಂದ ಉಪಾಯ ಅದು, ಈಗ ಹೆಚ್ಚಿನ ಕ್ಯಾಮೆರಾಗಳಲ್ಲಿದೆ. ಅಷ್ಟಕ್ಕೂ ಜಗ್ಗದೆ ಅಂಟಿಕೊಂಡವೇ ಈಗ ಉಳಿದಿರುವುದು.

ರಾತ್ರಿಯೆಲ್ಲ ಚಾರ್ಜಿಗಿಟ್ಟಿದ್ದ ಬ್ಯಾಟರಿ ಹಾಕುತ್ತಾನೆ. ಮೆನುವಿನಲ್ಲಿ ಸೆನ್ಸರ್ ಸ್ವಚ್ಛ ಮಾಡುವ ಆಯ್ಕೆ ಒತ್ತಿದಾಗ ಟಕ್ ಎಂದು ಕನ್ನಡಿ ಮೇಲೇಳುತ್ತದೆ, ಶಟರ್ ತೆರೆಯುತ್ತದೆ. ಬಲ್ಬ್ ಮೋಡಿನಲ್ಲಿ ಬಟನ್ ಒತ್ತಿಹಿಡಿದು ಇದೇ ಕೆಲಸ ಮಾಡುವವರಿದ್ದಾರೆ. ಬೆರಳು ಜಾರಿದರೆ ಶಟರಿನ ತೆಳು ಪರದೆ ಗಾಜು ಒರೆಸುವ ಸ್ವಾಬಿನ ಮೇಲೆಯೇ ಬಡಿಯುತ್ತದೆ. ಆ ದಾರಿ ಯಾರಿಗೂ ಬೇಡ.

ನಾನು ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯುತ್ತೇನೆ. ಒಳಗೆ ಹಸಿರು, ನೇರಳೆ ಮಿಂಚುವ ಪುಟ್ಟ ಆಯತ. ಸುಮಾರು 24 ಮಿ.ಮೀ. ಅಗಲ, 16 ಮಿ.ಮೀ. ಎತ್ತರ. ಅಷ್ಟರೊಳಗೆ 2 ಕೋಟಿ 40 ಲಕ್ಷ ಬೆಳಕಿನ ಗುಂಡಿಗಳು, ಒಂದೊಂದರ ಅಗಲ ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಪಾಲು. ಬರಿಗಣ್ಣಿಗೆ ಕಾಣದ ಕಣವೂ ಇಂಥ ಎಷ್ಟೋ ಗುಂಡಿಗಳ ಮೇಲೆ ನೆರಳು ಚೆಲ್ಲುತ್ತದೆ.

ಅವನು ಕ್ಯಾಮೆರಾವನ್ನು ಬಾಯಿ ಕೆಳಗಾಗಿ ಎತ್ತಿ ಹಿಡಿಯುತ್ತಾನೆ. ರಬ್ಬರ್ ಬ್ಲೋವರನ್ನು ಮೊದಲು ಆಚೆ ಎರಡು ಸಲ ಹಿಚುಕಿ, ಒಳಗಿರುವ ದೂಳು ಹೊರಬಿದ್ದ ಮೇಲೆ ಕ್ಯಾಮೆರಾದತ್ತ ತಿರುಗಿಸುತ್ತಾನೆ. ಫುಸ್. ಫುಸ್. ಮೂತಿ ಗಾಜಿಗೆ ತಾಗುವುದಿಲ್ಲ. ಸಡಿಲಾದದ್ದು ಕೆಳಗೆ ಬೀಳಲೆಂದೇ ಬಾಯಿ ನೆಲದತ್ತ. ಬಾಯಿಂದ ಊದುವಂತಿಲ್ಲ, ಎಂಜಲು ಸಿಡಿಯುತ್ತದೆ. ಡಬ್ಬಿಯಲ್ಲಿ ತುಂಬಿ ಮಾರುವ ಗಾಳಿಯೂ ಬೇಡ, ಅದರ ದ್ರವ ಚಿಮ್ಮಿ ಗಾಜಿನ ಮೇಲೆ ಕಲೆ ಬಿಡುತ್ತದೆ.

“ಸಾಕಲ್ಲ, ಒರೆಸಿಬಿಡು,” ಅನ್ನುತ್ತೇನೆ.

“ತಡಿ ಅಣ್ಣಾ. ಕಣ್ಣಾಗೆ ಮಣ್ಣು ಬಿದ್ರೆ ಉಜ್ತೀಯಾ?”

ಮತ್ತೆ ಊದುತ್ತಾನೆ. ಈ ಊರಿನಲ್ಲಿ ಆ ತಾಳ್ಮೆಗೆ ಕಾರಣವಿದೆ. ಗ್ರಾನೈಟಿನಲ್ಲಿ ಸ್ಫಟಿಕ ಶಿಲೆಯ ಕಣವಿರುತ್ತದೆ, ಹಗರಿಯ ಮರಳಿನಲ್ಲೂ ಅದೇ. ಗಡಸುತನದ ಮೋಸ್ ಮಾಪಕದಲ್ಲಿ ಸ್ಫಟಿಕಕ್ಕೆ 7, ಮಾಮೂಲಿ ಗಾಜಿಗೆ ಸುಮಾರು ಐದೂವರೆ. ಅಂಥ ಒಂದು ಕಣ ಸ್ವಾಬಿನ ಕೆಳಗೆ ಸಿಕ್ಕಿ ಎಳೆದುಕೊಂಡು ಹೋದರೆ ಗಾಜಿನ ಮೇಲಿನ ಲೇಪಕ್ಕೆ ಗೀರು ಬೀಳುತ್ತದೆ. ದೂಳಾದರೆ ಹೋಗುತ್ತದೆ, ಗೀರು ಹೋಗದು. ಹೂವಿನ ಪರಾಗವೋ ಬಟ್ಟೆಯ ನೂಲೋ ಹಾರುವ ಊರಿನವರು ಅವಸರ ಮಾಡಿಯೂ ಬಚಾವಾಗಬಹುದು. ಕ್ರಷರ್ ಪಕ್ಕದ ಊರಿನವರಿಗೆ ಆ ಅವಕಾಶವಿಲ್ಲ.

ಕನ್ನಡಿ ಇಳಿಸಿ, ಲೆನ್ಸ್ ಹಾಕಿ, ಬಾಗಿಲು ಸಂದು ಮಾಡಿಕೊಂಡು ಮಾಳಿಗೆಗೆ ಓಡುತ್ತಾನೆ. ಇನ್ನೊಂದು ಆಕಾಶ. ಕೂದಲೆಳೆಗಳು ಮಾಯ, ದುಂಡನೆಯ ಚುಕ್ಕೆಗಳಲ್ಲೂ ಹೆಚ್ಚಿನವು ಇಲ್ಲ. ಮೂರು ಮಾತ್ರ ಅಲ್ಲಾಡಿಲ್ಲ. ತೇವ ತಗುಲಿ ಅಂಟಿಕೊಂಡವು ಅವು. ಅವಕ್ಕೆ ಈಗ ಸ್ವಾಬ್.

ಲೆನ್ಸ್ ಬಿಚ್ಚಿ, ಕನ್ನಡಿಯನ್ನು ಮತ್ತೆ ಮೇಲೆತ್ತಿ, ಪೊಟ್ಟಣ ಹರಿದು ಒಂದನ್ನು ಹೊರತೆಗೆಯುತ್ತಾನೆ. ತುದಿಯ ಅಗಲ 16 ಮಿ.ಮೀ., ಸೆನ್ಸರಿನ ಎತ್ತರಕ್ಕೆ ಸರಿಯಾಗಿ. ಅಂಚಿನ ಮೇಲೆ ಸೆನ್ಸರ್ ಸ್ವಚ್ಛ ಮಾಡುವ ದ್ರವದ ಎರಡು ಹನಿ. ಹೀರಿಕೊಳ್ಳಲು ಬಿಡುತ್ತಾನೆ, ಹೆಚ್ಚಾದರೆ ಗೆರೆಗೆರೆಯಾಗಿ ಒಣಗುತ್ತದೆ. ಮೊಣಕೈಯನ್ನು ಸ್ಟೂಲಿಗೆ ಒತ್ತಿ, ಉಸಿರು ಹಿಡಿದು, ಎಡ ಅಂಚಿಗೆ ಸ್ವಾಬ್ ಮುಟ್ಟಿಸಿ, ಸ್ವಲ್ಪವೇ ಓರೆ ಮಾಡಿ ಬಲಕ್ಕೆ ಎಳೆಯುತ್ತಾನೆ. ನಡುವೆ ನಿಲ್ಲುವುದಿಲ್ಲ, ಒತ್ತುವುದೂ ಇಲ್ಲ. ಬಲ ಅಂಚಿನಲ್ಲಿ ಸ್ವಾಬಿನ ಇನ್ನೊಂದು ಮೈ ತಿರುಗಿಸಿ ವಾಪಸ್ ಎಡಕ್ಕೆ. ಟಾರ್ಚಿನ ಬೆಳಕಿನಲ್ಲಿ ತೇವದ ತೆಳು ಪಟ್ಟಿ ಅವನ ಕೈಯ ಹಿಂದೆಯೇ ಆರಿಹೋಗುತ್ತದೆ. ಸ್ವಾಬ್ ಬುಟ್ಟಿಗೆ. ಅದನ್ನು ಮತ್ತೆ ಬಳಸುವ ಮಾತಿಲ್ಲ.

“ಆತೇನೋ?” ಆಚೆಯಿಂದ ಚಿಕ್ಕಮ್ಮನ ದನಿ. “ದನಕ್ಕೆ ನೀರು ಹಿಡೀಬೇಕು, ಬಾಗ್ಲು ತೆಗೀರಿ!”

“ಐದು ನಿಮಿಷ ಅಮ್ಮಾ!”

ಮೂರನೆಯ ಆಕಾಶದಲ್ಲಿ, ಬಲ ಮೂಲೆಗೆ ಒತ್ತಿಕೊಂಡು ಒಂದು ಮಸುಕು ಚುಕ್ಕೆ ಉಳಿದಿದೆ. ನಾನು ಇನ್ನೊಂದು ಸ್ವಾಬಿಗೆ ಕೈ ಚಾಚುತ್ತೇನೆ. ಅವನು ತಡೆಯುತ್ತಾನೆ. ಅಪರ್ಚರನ್ನು ಎಫ್ 8ಕ್ಕೆ ತಂದು ಮತ್ತೊಂದು ತೆಗೆದು ತೋರಿಸುತ್ತಾನೆ. ಚುಕ್ಕೆ ಕಾಣುವುದಿಲ್ಲ. ಜಾತ್ರೆಯಲ್ಲಿ ಎಫ್ 22 ಯಾರಿಗೆ ಬೇಕು? ಮುಟ್ಟಿದಷ್ಟೂ ಅಪಾಯ, ಸಾಕಾದಲ್ಲಿ ನಿಲ್ಲಬೇಕು. ಅವನ ಲೆಕ್ಕ ಸರಿಯಾದದ್ದು.

ಲೆನ್ಸಿನ ಹಿಂಬದಿ, ಬಾಡಿ ಕ್ಯಾಪಿನ ಒಳಮೈ ಎರಡಕ್ಕೂ ಬ್ಲೋವರ್ ಹಿಡಿಯುತ್ತಾನೆ. ಅಲ್ಲಿಂದಲೂ ದೂಳು ಸೆನ್ಸರಿಗೆ ಹೋಗುತ್ತದೆ. ಶನಿವಾರ ಒಂದೇ ಲೆನ್ಸ್, 18-105. ಬದಲಿಸಲೇಬೇಕೆಂದರೆ ಗುಡಿಯ ಒಳಗೆ, ಗಾಳಿಗೆ ಬೆನ್ನು ಹಾಕಿ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ. “ನೀನು ಬಂದ್ರೆ ಬ್ಯಾಗ್ ಹಿಡ್ಕೊಂಡು ಅಡ್ಡ ನಿಂತ್ಕೋ ಅಣ್ಣಾ,” ಅನ್ನುತ್ತಾ ಜಿಪ್ ಎಳೆದು, ಬಾಗಿಲ ಚಿಲಕ ತೆಗೆಯುತ್ತಾನೆ.