ಪಿಸ್ತೂಲಿಗೆ ಹಲಸಿನ ಹಿಡಿ

ಚುನಾವಣೆ ದಿನಾಂಕ ಪ್ರಕಟವಾದ ಕೂಡಲೇ ಮಲೆನಾಡಿನ ಸ್ಟ್ರಿಂಗರ್‌ಗಳು ಕಣ್ಣುಮುಚ್ಚಿ ಬರೆಯುವ ಸುದ್ದಿಯೊಂದಿದೆ. ಕಾಫಿ ಬೆಳೆಗಾರರು ಲೈಸೆನ್ಸ್ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕು. ಕಾಡುಪ್ರಾಣಿ ಬಂದರೆ ತೋಟ ಕಾಯುವುದು ಹೇಗೆ ಎಂದು ಅವರ ಪ್ರಶ್ನೆ. ವಿನಾಯಿತಿ ಕೊಡಿ ಎಂದು ತಹಶೀಲ್ದಾರರಿಗೆ ಮನವಿ. ಊರಿನ ಹೆಸರು ಬದಲಿಸಿದರೆ ಐದು ವರ್ಷದ ಹಿಂದಿನ ವರದಿಯೇ ಸಾಕು. ಆ ಕೋವಿಗಳ ಸಾಲಿನಲ್ಲಿ ಏರ್‌ಗನ್ ಇರುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳವ್ಯಾಸ 4.5 ಮಿ.ಮೀ., ಗುಂಡಿನ ಶಕ್ತಿ 20 ಜೌಲ್ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಲೈಸೆನ್ಸ್ ಬೇಡ ಎಂದರೆ ಅಪಾಯವೂ ಇಲ್ಲ ಎಂದು ಜನ ಅರ್ಥ ಮಾಡಿಕೊಂಡಿದ್ದಾರೆ. ‘ಅದು ಆಟದ ಸಾಮಾನು ಸಾರ್’ ಎಂಬ ಮಾತನ್ನು ನಾವು ಠಾಣೆಯ ಬೆಂಚಿನ ಮೇಲೆ ಕೂತವರ ಬಾಯಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತವರ ಬಾಯಲ್ಲಿ ಕೇಳಿದ್ದೇವೆ.

ನಾವು ಎಂದರೆ ಒಂದೇ ಜಿಲ್ಲೆಯ ಮೂವರು ಸ್ಟ್ರಿಂಗರ್‌ಗಳು. ಒಟ್ಟಿಗೆ ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿದವರು, ಈಗ ಬೇರೆ ಬೇರೆ ಪತ್ರಿಕೆಗೆ ಬರೆಯುತ್ತೇವೆ. ಬರೆದದ್ದಕ್ಕೆ ಬರುವ ದುಡ್ಡಿಗಿಂತ ಜಾಹೀರಾತಿನ ಕಮಿಷನ್ನೇ ಹೆಚ್ಚು. ಭಾನುವಾರ ಮಾತ್ರ ನಮ್ಮದು. ಕಳೆದ ಮಳೆಗಾಲದ ಭಾನುವಾರಗಳನ್ನೆಲ್ಲ ನಾವು ಒಂದು ಅಗ್ಗದ ಏರ್ ಪಿಸ್ತೂಲಿನ ಮೇಲೆ ಸುರಿದೆವು. ನಾಲ್ಕು ಸಾವಿರ ಚಿಲ್ಲರೆಯ ದೇಶಿ ಮಾಲು. ಆಧಾರ್ ಪ್ರತಿ ಕೊಟ್ಟು, ಬಿಲ್ ಬರೆಸಿಕೊಂಡು ತಂದದ್ದು.

ತಂದದ್ದು ಯಾರಿಗಾಗಿ ಎಂದರೆ, ನಮ್ಮಲ್ಲೊಬ್ಬರ ತಂಗಿಯ ಮಗಳಿಗೆ. ಹತ್ತೊಂಬತ್ತು ವರ್ಷ, ಬಿ.ಕಾಂ. ಎರಡನೇ ವರ್ಷ. ಎನ್‌ಸಿಸಿ ಕ್ಯಾಂಪಿನಲ್ಲಿ ಪಾಯಿಂಟ್ 22 ರೈಫಲ್ ಹಿಡಿದ ದಿನದಿಂದ ಗುರಿಯ ಹುಚ್ಚು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ದಿವ್ಯಾ ಟಿ.ಎಸ್. ಮತ್ತು ಸರಬ್ಜೋತ್ ಸಿಂಗ್ 10 ಮೀಟರ್ ಏರ್ ಪಿಸ್ತೂಲ್ ಮಿಶ್ರ ತಂಡ ವಿಭಾಗದಲ್ಲಿ ಬೆಳ್ಳಿ ಗೆದ್ದರು. ಮರುವರ್ಷ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ತಂದರು. ಅಲ್ಲಿಗೆ ಹುಡುಗಿಯ ಹುಚ್ಚಿಗೆ ಒಂದು ಹೆಸರು ಸಿಕ್ಕಿತು. ಆದರೆ ಸ್ಪರ್ಧೆಯ ಪಿಸ್ತೂಲಿನ ಬೆಲೆ ಲಕ್ಷ ದಾಟುತ್ತದೆ, ಅಭ್ಯಾಸಕ್ಕೆ ರೇಂಜ್ ಬೇಕೆಂದರೆ ದೂರದ ನಗರಕ್ಕೆ ಹೋಗಬೇಕು. ಇದೆಲ್ಲದರ ಮೇಲೆ ಅವಳು ಎಡಗೈಯವಳು. ಅಂಗಡಿಯವನು ತೋರಿಸಿದ ಮರದ ಹಿಡಿಗಳೆಲ್ಲ ಬಲಗೈಯವು.

‘ಮಾವ, ಹಿಡಿ ನಾವೇ ಮಾಡಿದ್ರೆ ಆಗಲ್ವಾ?’ ಎಂದಳು. ಆಟ ಶುರುವಾದದ್ದು ಅಲ್ಲಿಂದ.

ಹಿಡಿ ಯಾಕೆ ಅಷ್ಟು ಮುಖ್ಯ ಎಂದು ತಿಳಿಯಲು ಅಗ್ಗದ ಪಿಸ್ತೂಲು ಕೆಲಸ ಮಾಡುವ ಬಗೆ ನೋಡಬೇಕು. ಇದರೊಳಗೆ ಒಂದು ಗಟ್ಟಿ ಸ್ಪ್ರಿಂಗ್, ಅದರ ಮುಂದೆ ಪಿಸ್ಟನ್. ಎಳೆದಾಗ ಸ್ಪ್ರಿಂಗ್ ಕುಗ್ಗಿ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಒತ್ತಿದರೆ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಪೆಲೆಟ್ಟನ್ನು ತಳ್ಳುತ್ತದೆ. ಪಿಸ್ಟನ್ ಹೊರಟಾಗ ಪಿಸ್ತೂಲು ಹಿಂದಕ್ಕೆ ಜರುಗುತ್ತದೆ, ಪಿಸ್ಟನ್ ಕೊನೆ ಮುಟ್ಟಿದಾಗ ಮುಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಈ ಕುಲುಕಾಟ ಶುರುವಾಗುವಾಗ ಪೆಲೆಟ್ ಇನ್ನೂ ನಳಿಗೆಯೊಳಗೇ ಇರುತ್ತದೆ. ಆದ್ದರಿಂದ ಕೈ ಪ್ರತಿ ಸಲವೂ ಒಂದೇ ಜಾಗದಲ್ಲಿ, ಒಂದೇ ಬಿಗಿಯಲ್ಲಿ ಕೂರದಿದ್ದರೆ ಗುರಿ ಎಷ್ಟೇ ಸರಿಯಿದ್ದರೂ ಪೆಲೆಟ್ ಬೇರೆಲ್ಲೋ ಹೋಗುತ್ತದೆ. ದುಬಾರಿ ಪಿಸ್ತೂಲಿನಲ್ಲಿ ಗಾಳಿಯನ್ನು ಮೊದಲೇ ಒತ್ತಿ ತುಂಬಿರುತ್ತಾರೆ, ಸ್ಪ್ರಿಂಗಿನ ಈ ಒದೆತ ಅಲ್ಲಿಲ್ಲ. ಅಗ್ಗದ್ದಕ್ಕೆ ಕಂಪನಿ ಕೊಟ್ಟ ಪ್ಲಾಸ್ಟಿಕ್ ಹಿಡಿ ಎರಡೂ ಕೈಗೆ ಆಗುವಂಥದ್ದು, ಅಂದರೆ ಎರಡಕ್ಕೂ ಸರಿಯಾಗಿ ಆಗದ್ದು.

ಮೊದಲು ನಾವು ಅಳೆದೆವು. ವೇಗ ಅಳೆಯುವ ಯಂತ್ರ ನಮ್ಮಲ್ಲಿಲ್ಲ, ಆದರೆ ಬೈಟ್ ತೆಗೆದುಕೊಳ್ಳುವ ಫೋನ್ ಇದೆ, ಸದ್ದನ್ನು ಕತ್ತರಿಸುವ ಆ್ಯಪ್ ಇದೆ. ಪಿಸ್ತೂಲಿನ ಪಕ್ಕ ಫೋನ್ ಇಟ್ಟು ರೆಕಾರ್ಡ್ ಮಾಡಿದೆವು. ಹತ್ತು ಮೀಟರ್ ಆಚೆ ಗುರಿಗೆ ತಗಡು ಕಟ್ಟಿದ್ದೆವು. ಸದ್ದಿನ ಗೆರೆಯಲ್ಲಿ ಎರಡು ಚೂಪು ಕಂಡವು: ಒಂದು ಹೊಡೆದದ್ದು, ಇನ್ನೊಂದು ತಗಡಿಗೆ ತಾಗಿದ್ದು. ನಡುವೆ 0.12 ಸೆಕೆಂಡ್. ತಗಡಿನ ಸದ್ದು ವಾಪಸು ಫೋನಿಗೆ ಬರಲು ಸುಮಾರು 0.03 ಸೆಕೆಂಡ್ ಬೇಕು. ಅದನ್ನು ಕಳೆದರೆ ಪೆಲೆಟ್ ಹತ್ತು ಮೀಟರ್ ಹೋಗಲು 0.09 ಸೆಕೆಂಡ್, ಅಂದರೆ ಸೆಕೆಂಡಿಗೆ 110 ಮೀಟರ್ ಆಸುಪಾಸು. ಅರ್ಧ ಗ್ರಾಮಿನ ಪೆಲೆಟ್‌ಗೆ ಇದು 3 ಜೌಲ್. ಕಾನೂನು ಹೇಳುವ 20ರ ಹತ್ತಿರಕ್ಕೂ ಇಲ್ಲ. ಹಾಗಿದ್ದರೂ ಕಣ್ಣು ಕಳೆಯಲು ಇಷ್ಟು ಧಾರಾಳ ಸಾಕು. ಆ ಲೆಕ್ಕ ಮುಗಿದ ಸಂಜೆಯೇ ನಾಲ್ಕು ಜೊತೆ ಕನ್ನಡಕ ತಂದೆವು.

ಹಿಡಿಯ ಅಳತೆಗೆ ಗಣಪತಿ ಮಾಡುವವರಿಂದ ಜೇಡಿಮಣ್ಣು ತಂದೆವು. ಹುಡುಗಿ ಎಡಗೈಯಲ್ಲಿ ಮಣ್ಣಿನ ಮುದ್ದೆ ಹಿಡಿದು, ತೋಳನ್ನು ಭುಜದ ಎತ್ತರಕ್ಕೆ ಚಾಚಿ, ಕಣ್ಣು ಮುಚ್ಚಿ ನಿಂತಳು. ಕಣ್ಣು ತೆರೆದಾಗ ಮಣಿಕಟ್ಟು ಎತ್ತ ತಿರುಗಿತ್ತೋ ಅದೇ ಅವಳ ಸಹಜ ಕೋನ. ಮಣ್ಣಿನಲ್ಲಿ ಬೆರಳ ಗುರುತು ಮೂಡಿತು. ಅದನ್ನು ನೋಡಿ ರಟ್ಟು ಕತ್ತರಿಸಿ ಅಚ್ಚು ಮಾಡಿ ಬಡಗಿಯ ಹತ್ತಿರ ಹೋದೆವು.

‘ಬೀಟೆ ಚೆನ್ನಾಗಿರುತ್ತಾ ಆಚಾರ್ರೇ?’ ಎಂದರೆ ಅವರು ನಕ್ಕರು. ‘ಬೀಟೆಗೆ ಕೈ ಹಾಕಿದ್ರೆ ಫಾರೆಸ್ಟಿನವ್ರು ನಿಮ್ಮದೇ ಸುದ್ದಿ ಮಾಡ್ತಾರೆ. ಇಲ್ಲಿದೆ ನೋಡಿ ಹಲಸು, ಹಳೇ ಮನೆ ದಾರಂದದ್ದು. ಇನ್ನು ಇದು ಕುಗ್ಗೋದೂ ಇಲ್ಲ, ಹಿಗ್ಗೋದೂ ಇಲ್ಲ.’ ಉಳಿಯಲ್ಲಿ ಒರಟು ರೂಪ ತೆಗೆದು ಕೊಟ್ಟರು. ಉಳಿದದ್ದು ಅರ, ಪಾಲಿಶ್ ಪೇಪರ್ ಮತ್ತು ನಮ್ಮ ಭಾನುವಾರಗಳ ಕೆಲಸ. ಅಂಗೈ ಕೆಳಗೆ ಒಂದು ಚಾಚು ಬೇಕು, ಕೈ ಅದರ ಮೇಲೆ ಕೂರಬೇಕು. ಅಂತರರಾಷ್ಟ್ರೀಯ ನಿಯಮದಂತೆ ಅದು ಕೈಯನ್ನು ಸುತ್ತಿ ಅಪ್ಪುವಂತಿರಬಾರದು, ಮಣಿಕಟ್ಟಿಗೆ ಆಸರೆಯಾಗಬಾರದು. ಸ್ಪರ್ಧೆಗೆ ಹೋಗದ ಪಿಸ್ತೂಲಾದರೂ ನಿಯಮ ಬಿಡಲಿಲ್ಲ. ಕಲಿಯುವ ಕೈಗೆ ಸುಳ್ಳು ಅಭ್ಯಾಸ ಬೇಡ. ಬೆರಳಿನ ನಡುವೆ ಸಂದು ಉಳಿದ ಕಡೆ ಎಂ-ಸೀಲ್ ಮೆತ್ತಿ, ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಹೊದಿಸಿ, ಅವಳ ಕೈಯಿಂದಲೇ ಒತ್ತಿಸಿ ಒಣಗಲು ಬಿಟ್ಟೆವು.

ಹಿಂದಿನ ಸೈಟಿನ ಸೀಳು ಇಕ್ಕಟ್ಟಾಗಿತ್ತು, ಅಲ್ಯೂಮಿನಿಯಂ ತಗಡಿನಲ್ಲಿ ಹೊಸದು ಕತ್ತರಿಸಿದೆವು. ಮುಂದಿನ ಕಡ್ಡಿಯ ಎರಡೂ ಬದಿ ಸಮನಾದ ಬಿಳಿ ಗೆರೆ ಕಾಣಬೇಕು, ಅಷ್ಟೇ ಅದರ ಗುಟ್ಟು. ಕಡ್ಡಿ ಹೊಳೆಯದಂತೆ ದೀಪದ ಮಸಿ ಹಿಡಿಸಿದೆವು. ಹಳೆಯ ಗ್ರೀಸ್ ಒರೆಸಿ ತೆಳ್ಳಗೆ ಹೊಸದು ಸವರಿದೆವು. ಎಣ್ಣೆ ಸುರಿಯಬಾರದು, ಒತ್ತಿದ ಗಾಳಿಯ ಬಿಸಿಗೆ ಅದು ಹೊತ್ತಿಕೊಂಡು ಸೀಲ್ ಹಾಳಾಗುತ್ತದೆ. ಪೆಲೆಟ್ ಇಲ್ಲದೆ ಹೊಡೆಯಲೂಬಾರದು. ತಡೆಯುವ ಗಾಳಿಯಿಲ್ಲದೆ ಪಿಸ್ಟನ್ ಗೋಡೆಗೆ ಬಡಿಯುತ್ತದೆ. ಟ್ರಿಗರಿನ ಒಳಗಿನ ಕೊಕ್ಕೆಯನ್ನು ಮುಟ್ಟಲೇ ಇಲ್ಲ. ಅದನ್ನು ಉಜ್ಜಿ ನಯ ಮಾಡಿದರೆ ಒತ್ತುವುದು ಹಗುರವಾಗುತ್ತದೆ ನಿಜ, ಆದರೆ ಸವೆದ ಕೊಕ್ಕೆಯ ಪಿಸ್ತೂಲು ಮೇಜಿನ ಮೇಲಿಂದ ಬಿದ್ದರೂ ಹಾರಬಹುದು. ಸ್ಪರ್ಧೆಯಲ್ಲೂ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ಹೊರಬೇಕು ಎಂಬ ನಿಯಮ ಸುಮ್ಮನೆ ಬಂದದ್ದಲ್ಲ.

ಸ್ಪ್ರಿಂಗನ್ನೂ ಮುಟ್ಟಲಿಲ್ಲ. ಕಷ್ಟ ಬಂದದ್ದು ಇದೇ ವಿಷಯಕ್ಕೆ.

ನಾವು ಪಿಸ್ತೂಲು ರಿಪೇರಿ ಮಾಡುತ್ತೇವೆ ಎಂಬ ಸುದ್ದಿ ಊರಲ್ಲಿ ನಮ್ಮ ಪತ್ರಿಕೆಗಳಿಗಿಂತ ಬೇಗ ಹರಡಿತು. ಒಂದು ದಿನ ಪರಿಚಯದ ಬೆಳೆಗಾರರೊಬ್ಬರು ತಮ್ಮ ಏರ್‌ಗನ್ ಹಿಡಿದು ಬಂದರು. ಪ್ರತಿ ದೀಪಾವಳಿಗೆ ನಮಗೆ ಕಾಲು ಪುಟದ ಶುಭಾಶಯ ಜಾಹೀರಾತು ಕೊಡುವವರು. ‘ಏನ್ರೀ, ಇದ್ಕೂ ಸ್ವಲ್ಪ ಜೋರು ಬರೋ ಹಾಗೆ ಮಾಡಿಕೊಡ್ರಲ್ಲ. ಮಂಗ ಬಾಳೆ ಉಳಿಸಲ್ಲ, ನವಿಲು ಗದ್ದೆ ಬಿಡಲ್ಲ. ಈಗಿನ ಪೆಟ್ಟಿಗೆ ಅವು ತಿರುಗಿ ನೋಡಲ್ಲ.’

ಅವರ ನಷ್ಟ ಸುಳ್ಳಲ್ಲ. ಬಾಳೆಗೊನೆ ಹೋದದ್ದನ್ನು, ಗದ್ದೆ ತುಳಿದದ್ದನ್ನು ಫೋಟೊ ಸಮೇತ ಬರೆದವರು ನಾವೇ. ಪರಿಹಾರಕ್ಕೆ ಅರ್ಜಿ ಹಿಡಿದು ಅಲೆದವರನ್ನೂ ಬಲ್ಲೆವು. ಆದರೆ ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. 20 ಜೌಲ್ ದಾಟಿದ ಏರ್‌ಗನ್‌ಗೆ ಲೈಸೆನ್ಸ್ ಬೇಕು. ನಕಲಿ ಬಂದೂಕನ್ನು ಲೈಸೆನ್ಸ್ ಇಲ್ಲದೆ ಅಸಲಿ ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಅಪರಾಧ. ಕಾನೂನನ್ನು ಬದಿಗಿಟ್ಟರೂ, ಜೋರು ಮಾಡಿದ ಕೋವಿ ತೋಟದಲ್ಲೇ ಉಳಿಯುವುದಿಲ್ಲ. ಅದು ಮನೆಯ ಮೂಲೆಯಲ್ಲಿರುತ್ತದೆ, ರಜೆಗೆ ಬಂದ ಮಕ್ಕಳ ಕೈಗೆ ಸಿಗುತ್ತದೆ. ‘ಆಟದ ಸಾಮಾನು ಸಾರ್’ ಎಂದವರ ಕೋವಿಯೂ ಮೊದಲು ಮಂಗ ಓಡಿಸಲು ತಂದದ್ದೇ.

‘ಆಗಲ್ಲ ಗೌಡ್ರೇ’ ಎಂದೆವು. ಕಾರಣ ಹೇಳಿದೆವು. ಕಾಫಿ ಕುಡಿದು ಹೋದರು. ಆ ದೀಪಾವಳಿಗೆ ಕಾಲು ಪುಟ ಬೇರೆಯವರ ಪಾಲಾಯಿತು. ಮೂವರಿಗೂ ಸೇರಿ ಅದು ಒಂದು ತಿಂಗಳ ಪೆಟ್ರೋಲ್ ದುಡ್ಡು. ಮನೆಯಲ್ಲಿ ಇದನ್ನು ಹೇಳುವುದು ಗೌಡರಿಗೆ ಹೇಳಿದ್ದಕ್ಕಿಂತ ಕಷ್ಟವಾಯಿತು.

ಒಂದೇ ಅರ, ಒಂದೇ ಸ್ಕ್ರೂಡ್ರೈವರ್. ಅದರಲ್ಲಿ ಕೋವಿಯನ್ನು ಕೈಗೆ ಹೊಂದಿಸಬಹುದು, ಕೋವಿಯ ಪೆಟ್ಟನ್ನೂ ಹೆಚ್ಚಿಸಬಹುದು. ಹೊರಗಿನವರಿಗೆ ಎರಡೂ ‘ಪಿಸ್ತೂಲು ರಿಪೇರಿ’ಯೇ. ಮೊದಲನೆಯದು ಹಿಡಿದವರನ್ನು ತಿದ್ದುತ್ತದೆ: ಉಸಿರು ಹೇಗಿತ್ತು, ಬೆರಳು ಎಳೆಯಿತೋ ಒತ್ತಿತೋ ಎಂದು ಪ್ರತಿ ತೂತೂ ಪ್ರಶ್ನೆ ಕೇಳುತ್ತದೆ. ಎರಡನೆಯದರಲ್ಲಿ ಹಿಡಿದವರು ಬದಲಾಗಬೇಕಿಲ್ಲ, ಎದುರಿಗಿದ್ದದ್ದು ಬಿದ್ದರೆ ಸಾಕು. ಈ ಗೆರೆ ಎಲ್ಲಿದೆ ಎಂದು ಕಾಯ್ದೆ ಪುಸ್ತಕ ಜೌಲ್‌ನಲ್ಲಿ ಹೇಳುತ್ತದೆ. ನಮ್ಮ ಮಟ್ಟಿಗೆ ಗೆರೆ 20ಕ್ಕಿಂತ ಬಹಳ ಮೊದಲೇ ಇದೆ.

ಈಗ ಅಭ್ಯಾಸ ನಡೆಯುವುದು ಖಾಲಿ ಕಾಫಿ ಗೋದಾಮಿನಲ್ಲಿ, ಬೆಳೆ ಬರುವ ತನಕ. ಒಂದು ಬಾಗಿಲು, ಅದೂ ಹೊಡೆಯುವವರ ಬೆನ್ನ ಹಿಂದೆ. ಗುರಿಯ ಹಿಂದೆ ಹಳೆಯ ಪತ್ರಿಕೆಗಳ ದಪ್ಪ ಕಟ್ಟು. ನಾವು ಸೆಂಟಿಮೀಟರ್ ಲೆಕ್ಕದಲ್ಲಿ ಬರೆದದ್ದು ಅಲ್ಲಿ ಪೆಲೆಟ್ ತಡೆಯುತ್ತಿದೆ. ಮುಗಿದ ಮೇಲೆ ಸೀಸ ಹತ್ತಿದ ಕೈಯನ್ನು ಸೋಪು ಹಚ್ಚಿ ತೊಳೆಯಬೇಕು, ಪಿಸ್ತೂಲು ಪೆಟ್ಟಿಗೆಗೆ, ಪೆಲೆಟ್ ಡಬ್ಬಿ ಬೇರೆ ಕಡೆಗೆ. ಪೆಟ್ಟಿಗೆಯ ಬೀಗದ ಕೈ ಹುಡುಗಿಯ ಅಮ್ಮನ ಸೆರಗಿನಲ್ಲಿ.

ಗುರಿಹಾಳೆಯ ಕರಿ ವೃತ್ತ 59.5 ಮಿ.ಮೀ., ನಡುವಿನ ಹತ್ತರ ಉಂಗುರ ಬರೀ 11.5 ಮಿ.ಮೀ. ಪ್ಲಾಸ್ಟಿಕ್ ಹಿಡಿಯಲ್ಲಿ ಅವಳ ಹತ್ತು ಹೊಡೆತಗಳಲ್ಲಿ ಅರ್ಧ ಕರಿಯ ಆಚೆ ಬೀಳುತ್ತಿದ್ದವು. ಹಲಸಿನ ಹಿಡಿ ಬಂದ ಎರಡು ತಿಂಗಳಿಗೆ ಎಂಟು ಕರಿಯೊಳಗಿದ್ದವು, ಅದರಲ್ಲಿ ಒಂದೋ ಎರಡೋ ಹತ್ತು. ಇದು ಪದಕ ತರುವ ಅಂಕವಲ್ಲ, ಈ ಪಿಸ್ತೂಲು ಅಲ್ಲಿಗೆ ಹೋಗುವುದೂ ಇಲ್ಲ. ರಾಜ್ಯ ಮಟ್ಟಕ್ಕೆ ಹೋಗಬೇಕಾದರೆ ಕ್ಲಬ್ ಸೇರಬೇಕು, ಅಲ್ಲಿಯ ಪಿಸ್ತೂಲು ಹಿಡಿಯಬೇಕು. ಅರ್ಜಿ ಹಾಕಿದ್ದಾಳೆ. ಬಸ್ ಛಾರ್ಜು, ಕ್ಲಬ್ಬಿನ ಫೀಸು ಹೇಗೆ ಎಂಬ ಲೆಕ್ಕ ಇನ್ನೂ ಕೂಡಿಲ್ಲ; ಮುಂದಿನ ದೀಪಾವಳಿಗೆ ಜಾಹೀರಾತು ಹುಡುಕಲು ನಾವು ಈಗಲೇ ಹೊರಟಿದ್ದೇವೆ.

ಮೊನ್ನೆ ಆಚಾರ್ರು ಸಿಕ್ಕಿದ್ದರು. ರಟ್ಟಿನ ಅಚ್ಚನ್ನು ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿದ್ದಾರಂತೆ. ‘ಪಿಸ್ತೂಲು ಯಾವ್ದಾದ್ರೂ ಬರ್ಲಿ, ಕೈ ಅದೇ ಅಲ್ವಾ? ಹಲಸು ಇನ್ನೂ ಒಂದು ಹಿಡಿಗೆ ಆಗೋಷ್ಟಿದೆ’ ಎಂದರು.