ಮೂಕಂಡಪಲ್ಲಿಗೆ ಹೋಗಿ ಬಂದೆವು

ಶಾಂತಿನಗರದಲ್ಲಿ ಹೊಸೂರಿನ ಬಸ್ಸು ಹತ್ತಿದರೆ ಹಾದಿಯಲ್ಲಿ ಮೊದಲು ನಿಮ್ಹಾನ್ಸ್, ಮುಂದೆ ಸೇಂಟ್ ಜಾನ್ಸ್ ಆಸ್ಪತ್ರೆ ಸಿಗುತ್ತವೆ. ಎಲೆಕ್ಟ್ರಾನಿಕ್ ಸಿಟಿ, ಚಂದಾಪುರ ಕಳೆದು ಅತ್ತಿಬೆಲೆಯಲ್ಲಿ ಕರ್ನಾಟಕ ಮುಗಿಯುತ್ತದೆ. ಜೂಜುವಾಡಿ ದಾಟಿದರೆ ಮೂಕಂಡಪಲ್ಲಿ. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ಈ ಊರು ಈಗ ಹೊಸೂರು ಮಹಾನಗರ ಪಾಲಿಕೆಗೆ ಸೇರಿದೆ. ಬೋರ್ಡುಗಳು ತಮಿಳಿನಲ್ಲಿದ್ದರೂ ಟೀ ಅಂಗಡಿಯ ಮುಂದೆ ನಿಂತರೆ ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುತ್ತವೆ. ತಮಿಳುನಾಡಿನಲ್ಲಿ 2003ರಿಂದ ಮದ್ಯದ ಚಿಲ್ಲರೆ ಮಾರಾಟ ಸರ್ಕಾರದ ಟಾಸ್ಮಾಕ್ ಕೈಯಲ್ಲಿದೆ. ಈ ಕಡೆ ನಮ್ಮ ಬಾರುಗಳು, ಆ ಕಡೆ ಅವರ ಟಾಸ್ಮಾಕ್. ಕುಡಿತಕ್ಕೆ ಗಡಿಯಿಲ್ಲ.

ಕೆಲಸಕ್ಕಾಗಿ ಅಲ್ಲಿಗೆ ಹೋಗಿ ನೆಲೆಸಿದ ನಮ್ಮ ಧರ್ಮಕೇಂದ್ರದ ಒಂದು ಕುಟುಂಬವನ್ನು ನೋಡಲು ನಾವು ಹೊರಟಿದ್ದೆವು. ಮನೆಯ ಯಜಮಾನರು ಹಿಂದೆ ನಮ್ಮ ಮದ್ಯಮುಕ್ತಿ ಕಾರ್ಯಕ್ರಮದಲ್ಲಿ ಚಿಕಿತ್ಸೆ ಪಡೆದು ಏಳು ತಿಂಗಳು ಚೆನ್ನಾಗಿದ್ದವರು. ಮೂರು ವರ್ಷದ ಅನುದಾನ ಮುಗಿಯಿತು, ಆಪ್ತಸಲಹೆಗಾರರು ಬೇರೆಡೆ ಹೋದರು. ನಾವು ಕೃತಜ್ಞತಾ ಸಭೆ ನಡೆಸಿ, ವರದಿ ಬರೆದು, ಬೀರುವಿಗೆ ಬೀಗ ಹಾಕಿದೆವು.

ಸಾಲುಮನೆಯ ಹೊಸ್ತಿಲಲ್ಲಿ ಆ ತಾಯಿ ಕಣ್ಣೊರೆಸಿಕೊಂಡರು. "ಫಾದರ್, ಗುರುವಾರ ಗುರುವಾರ ಯಾರಾದರೂ ಫೋನ್ ಮಾಡ್ತಾ ಇದ್ರಲ್ಲ, ಅದಕ್ಕೇ ಇವರು ಕಾಯ್ತಿದ್ರು. ಒಂದು ವಾರ ಬರಲಿಲ್ಲ, ಎರಡು ವಾರ ಬರಲಿಲ್ಲ. ಆಮೇಲೆ ನಮ್ಮನ್ನ ಕೇಳೋರು ಯಾರೂ ಇಲ್ಲ ಅಂದ್ಕೊಂಡ್ರು."

ಒಳಗೆ ಅವರು ಗೋಡೆಗೊರಗಿ ಕುಳಿತಿದ್ದರು. ಕೈ ನಡುಗುತ್ತಿತ್ತು, ಮೈ ಬೆವರಿತ್ತು. "ನಿನ್ನೆಯಿಂದ ಮುಟ್ಟಿಲ್ಲ ಫಾದರ್, ಇನ್ನು ಮುಟ್ಟಲ್ಲ, ಆಣೆ ಮಾಡ್ತೀನಿ" ಎಂದರು. ಹಿಂದಾಗಿದ್ದರೆ ನಾವು ಆಣೆ ಮಾಡಿಸಿ, ಆಶೀರ್ವದಿಸಿ ಬಂದುಬಿಡುತ್ತಿದ್ದೆವೇನೋ. ಆದರೆ ಬಹುಕಾಲ ವಿಪರೀತ ಕುಡಿದವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಭ್ರಮಿಸಬಹುದು, ಪ್ರಾಣವೇ ಹೋಗಬಹುದು. ಮೊದಲು ಬೇಕಾದದ್ದು ವೈದ್ಯರು. ನಡುಕ ತಗ್ಗಿಸುವ ಔಷಧ, ಬಿ1 ವಿಟಮಿನ್. ಬಳಿಕ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆಗಳು, ಅವೂ ವೈದ್ಯರ ಸಲಹೆಯಂತೆಯೇ. ತಿಳಿಯದಂತೆ ಅನ್ನದಲ್ಲಿ ಪುಡಿ ಬೆರೆಸುವುದು ಅಪಾಯ.

ಇದರಲ್ಲಿ ಮೊದಲ ಹಂತವಷ್ಟೇ ಕೆಲವು ವಾರಗಳ ಮಾತು. ಆನಂತರದ ತಿಂಗಳುಗಳೇ ಕಠಿಣ. ಆಗ ಬೇಕಾಗುವುದು ವಿಚಾರಿಸುವ ಜನ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಯಾವುದಾದರೂ ಚಿಕಿತ್ಸೆ ಪಡೆದವರು ಒಬ್ಬರು ಮಾತ್ರ. ಆ ಒಬ್ಬರನ್ನೂ ನಾವು ನಡುದಾರಿಯಲ್ಲಿ ಬಿಟ್ಟಿದ್ದೆವು.

ಹಣ ನಿಂತರೆ ಕೆಲಸವೂ ನಿಲ್ಲಲೇಬೇಕೆ? ತಮಿಳುನಾಡಿನದೇ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ ಚೆನ್ನೈನ ಟಿ.ಟಿ. ರಂಗನಾಥನ್ ಪ್ರತಿಷ್ಠಾನ 1989ರಲ್ಲಿ ಚಿಕಿತ್ಸಾ ಶಿಬಿರ ಆರಂಭಿಸಿತು. ಚಿಕಿತ್ಸೆ ಚೆನ್ನೈನವರದು, ಜಾಗ ಮತ್ತು ಊಟದ ಭಾರ ಸ್ಥಳೀಯರದು. ಊರು ಹೆಗಲು ಕೊಟ್ಟದ್ದರಿಂದ ಶಿಬಿರಗಳು ವರ್ಷ ವರ್ಷ ಮುಂದುವರಿದವು. ಗೋವಾದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಸಂಸ್ಥೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಸಾಮಾನ್ಯ ಜನರೇ ಹಾನಿಕರವಾಗಿ ಕುಡಿಯುತ್ತಿದ್ದ ಗಂಡಸರಿಗೆ ನಾಲ್ಕು ಸಲದವರೆಗೆ ಸಲಹೆ ನೀಡಿದರು. ವರ್ಷದ ನಂತರವೂ ಅದರ ಫಲ ಉಳಿದಿತ್ತು. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು ಹೊರಗಿನವರ ದಾನವನ್ನೇ ಪಡೆಯುವುದಿಲ್ಲ. ಬಾಡಿಗೆ, ಟೀ ಖರ್ಚು ಎಲ್ಲವೂ ಸದಸ್ಯರ ಪುಡಿಗಾಸಿನಿಂದಲೇ.

ನಮ್ಮ ಲೆಕ್ಕ ತಪ್ಪಿದ್ದು ಇಲ್ಲೇ. ದುಬಾರಿ ಭಾಗವಾದ ವೈದ್ಯರು, ಔಷಧ ನಾವು ಹೊರಬೇಕಾದ ಭಾರವಲ್ಲ, ಅದಕ್ಕೆ ಸರ್ಕಾರಿ ಆಸ್ಪತ್ರೆಗಳಿವೆ. ಅಗ್ಗದ ಭಾಗವೇ ನಮ್ಮದು: ಒಂದು ಕೋಣೆ, ಒಂದು ಫೋನು, ಬಸ್ ಚಾರ್ಜು, ಯಾರನ್ನು ಯಾವಾಗ ವಿಚಾರಿಸಬೇಕೆಂದು ಬರೆದಿಟ್ಟ ಪುಸ್ತಕ, ತರಬೇತಿ ಪಡೆದ ಇಬ್ಬರು ಮೂವರು. ಅದನ್ನೂ ಅನುದಾನದ ಸಂಬಳಕ್ಕೆ ಒಪ್ಪಿಸಿ ಕೈತೊಳೆದುಕೊಂಡಿದ್ದೆವು. ಗಾಯಾಳುವನ್ನು ಛತ್ರಕ್ಕೆ ಸೇರಿಸಿದ ಸಮಾರಿಯದವನು ಹಣವನ್ನಷ್ಟೇ ಕೊಟ್ಟು ಹೋಗಲಿಲ್ಲ, ಮತ್ತೆ ಬರುವೆನೆಂದೂ ಹೇಳಿದ.

ಅಂದೇ ಒಂದು ಕಾರು ಗೊತ್ತುಮಾಡಿ ಅವರನ್ನು ಕೂರಿಸಿಕೊಂಡು ಬಂದ ದಾರಿಯಲ್ಲೇ ಆಸ್ಪತ್ರೆಗೆ ಮರಳಿದೆವು. ದಾಖಲು ಮಾಡಿಕೊಂಡರು. ಬೀರುವಿನ ಬೀಗ ತೆಗೆದಾಗಿದೆ. ಪುಸ್ತಕದ ಮೊದಲ ಸಾಲಿನಲ್ಲಿ ಅವರ ಹೆಸರಿದೆ. ಗುರುವಾರದ ಫೋನಿನ ಪಾಳಿಯನ್ನು ಒಂದೊಂದು ವಾರ ಒಂದೊಂದು ಕುಟುಂಬ ವಹಿಸಿಕೊಂಡಿದೆ. ನಾಲ್ಕನೆಯ ವಾರ ನಮ್ಮದು.

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇಂಥ ಸಂಕಟವಿದ್ದರೆ ಮುಚ್ಚಿಡಬೇಡಿ. 14446 ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ, ಕರೆ ಉಚಿತ. ಆಸ್ಪತ್ರೆಯಿಂದ ಮನೆಗೆ ಬಂದವರನ್ನು ತಿಂಗಳಾದ ಮೇಲೂ, ವರ್ಷವಾದ ಮೇಲೂ ಒಮ್ಮೆ ವಿಚಾರಿಸಿ. ಅದಕ್ಕೆ ಯಾವ ಅನುದಾನವೂ ಬೇಡ.